ಕುಕ್ಕರಿನ ಬಾಯಿ ಮುಚ್ಚಿಸಿದ ಮಂಗಳವಾರ

ನಾನೂರು ಜನಕ್ಕೆ ಬೇಯಿಸಿ ಬಡಿಸಿದವನಿಗೆ ಮೂರು ಜನದ ಅಡುಗೆ ಯಾವ ಲೆಕ್ಕ! ಹೀಗೆಂದು ನಾನು ನಮ್ಮ ಅಡುಗೆಮನೆಯ ನಡುವೆ ನಿಂತು ಘೋಷಿಸಿದ್ದು ಕಳೆದ ನವೆಂಬರಿನ ಒಂದು ಬುಧವಾರ. ಕೇಳಿಸಿಕೊಂಡವರು ಇಬ್ಬರು. ಒಬ್ಬಳು ನನ್ನ ಹೆಂಡತಿ ಪಾರೆ, ಇನ್ನೊಬ್ಬಳು ನಮ್ಮ ಜೊತೆಗೇ ಇರುವ ಅವಳ ಅಕ್ಕ ಹೇರಾ. ಇಬ್ಬರಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೇರಾ ಮಾತ್ರ ತನ್ನ ಬಿಸಿಲು ಬೀಳುವ ಕುರ್ಚಿಯಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮತ್ತೆ ತನ್ನ ಹೆಣಿಗೆಗೆ ಮರಳಿದಳು.

ನಾನೂರು ಜನ ಎಂಬುದು ಸುಳ್ಳಲ್ಲ. ನಮ್ಮ ಕುಲದವರೆಲ್ಲ ಕೂಡುವ ಸಭಾಮನೆಯಾದ ಮರಾಯೆಯ ಅಂಗಳದಲ್ಲಿ ಸಾವಾಗಲಿ, ಮದುವೆಯಾಗಲಿ, ಹಾಂಗಿಯ ಗುಂಡಿ ನನ್ನದು. ನೆಲ ತೋಡಬೇಕು, ಕಲ್ಲು ಕೆಂಪಗೆ ಕಾಯಿಸಬೇಕು, ಮಾಂಸ ಗೆಣಸುಗಳ ಬುಟ್ಟಿ ಇಳಿಸಬೇಕು, ಒದ್ದೆ ಗೋಣಿ ಹೊದಿಸಿ ಮೇಲೆ ಮಣ್ಣು ಎಳೆದು ಮೂರು ಗಂಟೆ ಕಾಯಬೇಕು. ಅದರಲ್ಲಿ ಇರುವುದು ಒಂದೇ ಕಾನೂನು: ಹಬೆ ಹೊರಗೆ ಬರಕೂಡದು. ಎಲ್ಲಾದರೂ ಒಂದೆಳೆ ಹಬೆ ಕಂಡಿತೋ, ಸಲಿಕೆ ಹಿಡಿದು ಓಡಿ ಅಲ್ಲಿಗೆ ಮಣ್ಣು ಹಾಕಬೇಕು. ಹಬೆ ತಪ್ಪಿಸಿಕೊಂಡ ಗುಂಡಿಯ ಮಾಂಸ ಹಸಿಯಾಗಿ ಉಳಿಯುತ್ತದೆ. ಹಸಿ ಮಾಂಸ ಬಡಿಸಿದವನನ್ನು ನಮ್ಮವರು ಅವನ ಮೊಮ್ಮಕ್ಕಳ ಮದುವೆಯಲ್ಲೂ ನೆನೆಸಿಕೊಳ್ಳುತ್ತಾರೆ. ನಲವತ್ತು ವರ್ಷದಲ್ಲಿ ನನ್ನ ಗುಂಡಿಯಿಂದ ಒಂದು ತೊಟ್ಟು ಹಬೆಯೂ ಪರಾರಿಯಾಗಿಲ್ಲ.

ಮೂರು ಜನದ ಅಡುಗೆ ಹೆಂಗಸರ ಕೆಲಸ ಎಂದು ನಾನು ಯಾವತ್ತೂ ಹೇಳಿದವನಲ್ಲ. ಹೇಳದೆಯೇ ನಲವತ್ತು ವರ್ಷ ಮಾಡಿಸಿಕೊಂಡೆ, ಅಷ್ಟೆ.

ಈಗ ಆ ಬುಧವಾರದ ಘೋಷಣೆಗೆ ಕಾರಣವಾದದ್ದು ಪಾರೆಯ ಮಂಗಳವಾರಗಳು. ಅವಳಿಗೆ ಅರವತ್ತನಾಲ್ಕು. ನಮ್ಮ ಊರು ಪೊರಿರುವಾದ ಒಂದು ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ಸಂಜೆ ಐದರವರೆಗೆ ಕೆಲಸ. ಆ ವರ್ಷದ ಫೆಬ್ರುವರಿಯಿಂದ ಪ್ರತಿ ಮಂಗಳವಾರ ಸಂಜೆ ಏಳಕ್ಕೆ, ಊರಿನ ಆಚೆ ತುದಿಯ ಶಾಲೆಯೊಂದರಲ್ಲಿ, ಮಾವೋರಿ ಭಾಷೆಯ ತರಗತಿಗೆ ಹೋಗುತ್ತಿದ್ದಳು. ನಮ್ಮ ಅಪ್ಪ ಅಮ್ಮಂದಿರಿಗೆ ಈ ಭಾಷೆ ಆಡಿದ್ದಕ್ಕೆ ಶಾಲೆಯಲ್ಲಿ ಬೆತ್ತದ ಏಟು ಬಿದ್ದಿತ್ತು. ನಮಗೂ ಬೀಳದಿರಲಿ ಎಂದು ಅವರು ಕಲಿಸಲೇ ಇಲ್ಲ. ನಾನು ಇಪ್ಪತ್ತು ದಾಟುವ ಮೊದಲೇ ಪಾರ್ಲಿಮೆಂಟಿನ ಮೆಟ್ಟಿಲ ಮೇಲೆ ನಿಂತು ‘ನಮ್ಮ ಭಾಷೆ ನಮಗೆ ಕೊಡಿ’ ಎಂದು ಗಂಟಲು ಹರಿದುಕೊಂಡವನು. ಹರಿದುಕೊಂಡದ್ದು ಇಂಗ್ಲಿಷಿನಲ್ಲಿ. ಕೊನೆಗೆ ಅವರು ಕೊಟ್ಟರು. ತೆಗೆದುಕೊಳ್ಳಲು ನನಗೆ ಪುರುಸೊತ್ತಾಗಲಿಲ್ಲ. ಸಭೆ ಇತ್ತು, ಮುಷ್ಕರ ಇತ್ತು, ಕಸಾಯಿಖಾನೆಯ ಯೂನಿಯನ್ನು ಇತ್ತು, ಆಮೇಲೆ ಮಂಡಿನೋವು ಬಂತು. ಪಾರೆ ಹೋದಳು.

ಹೋಗುವುದು ಸುಲಭವಿರಲಿಲ್ಲ. ಐದೂವರೆಗೆ ಮನೆ ಸೇರಬೇಕು, ನನಗೂ ಹೇರಾಳಿಗೂ ಬೇಯಿಸಬೇಕು, ಆರೂವರೆಗೆ ಕಾರು ಹತ್ತಬೇಕು. ಎಷ್ಟೋ ಮಂಗಳವಾರ ಅವಳು ನಮಗೆ ಬಡಿಸಿ, ತಾನು ಒಂದು ಚೂರು ಬ್ರೆಡ್ಡು ಕಚ್ಚಿಕೊಂಡು ಓಡಿದ್ದನ್ನು ನಾನು ನೋಡಿದ್ದೇನೆ. ಟಿವಿಯಲ್ಲಿ ರಗ್ಬಿ ನೋಡುತ್ತಾ ನೋಡಿದ್ದೇನೆ.

ಈಗ ವರ್ಷದ ಕೊನೆಯ ಪರೀಕ್ಷೆ. ಬರುವ ಮಂಗಳವಾರ ಎಲ್ಲರ ಮುಂದೆ ಎದ್ದು ನಿಂತು ಹತ್ತು ನಿಮಿಷ ಮಾವೋರಿಯಲ್ಲೇ ಮಾತನಾಡಬೇಕು. ಪಾಸಾದರೆ ಎರಡನೇ ವರ್ಷ. ಇಲ್ಲದಿದ್ದರೆ ಮತ್ತೆ ಮೊದಲಿಂದ. ಪಾರೆ ಆ ಬುಧವಾರ ಬೂಟು ಬಿಚ್ಚುತ್ತಾ ಹೇಳಿದಳು:

“ಈ ಸಲ ಆಗ್ಲಿಲ್ಲ ಅಂದ್ರೆ ಬಿಟ್ಟುಬಿಡ್ತೀನಿ ಎರು. ಖಾಲಿ ಹೊಟ್ಟೇಲಿ ಓಡೋದು, ಅಲ್ಲಿ ಹೋಗಿ ಗುಬ್ಬಿಮರಿ ಥರ ಬಾಯಿ ಬಿಟ್ಕೊಂಡು ನಿಂತ್ಕೊಳ್ಳೋದು. ಸಾಕಾಗಿದೆ ನಂಗೆ.”

ನನ್ನ ಪೂರ್ತಿ ಹೆಸರು ಎರುವೆರಾ. ಎರು ಎಂದು ಕರೆಯುವವಳು ಅವಳೊಬ್ಬಳೇ. ಪಾರೆ ಬೆದರಿಕೆ ಹಾಕುವ ಹೆಂಗಸಲ್ಲ. ಬಿಡುತ್ತೇನೆ ಅಂದರೆ ಬಿಡುತ್ತಾಳೆ. ಸಿಗರೇಟನ್ನು ಹಾಗೇ ಬಿಟ್ಟಳು, ಚರ್ಚನ್ನೂ ಹಾಗೇ ಬಿಟ್ಟಳು. ಆದ್ದರಿಂದಲೇ ನಾನು ಎದ್ದು ನಿಂತದ್ದು, ನಾನೂರು ಜನದ ಲೆಕ್ಕ ಒಪ್ಪಿಸಿದ್ದು, ಬರುವ ಮಂಗಳವಾರ ಆರು ಗಂಟೆಗೆ ಸರಿಯಾಗಿ ಬಿಸಿ ಬಿಸಿ ಊಟ ಮೇಜಿನ ಮೇಲಿರುತ್ತದೆ ಎಂದು ಮಾತು ಕೊಟ್ಟದ್ದು.

“ಮೂರು ಗಂಟೆ ಮುಂಚೆ ಗುಂಡಿ ತೋಡ್ತೀಯಾ?” ಎಂದಳು ಹೇರಾ.

ಗುಂಡಿ ಬೇಡ, ಕುಕ್ಕರ್ ಇದೆ ಎಂದೆ.

ಕುಕ್ಕರ್ ಹೇರಾಳದೇ. ಹಿಂದಿನ ತಿಂಗಳು ಕ್ಲಬ್ಬಿನಲ್ಲಿ ಹೌಸಿ ಆಡಿ ಗೆದ್ದದ್ದು. ಅವಳ ಕಣ್ಣಿದ್ದದ್ದು ಮೊದಲ ಬಹುಮಾನವಾದ ಇಡೀ ಕುರಿಯ ಮಾಂಸದ ಮೇಲೆ. ಸಿಕ್ಕಿದ್ದು ಎರಡನೆಯದು. ಆ ಅವಮಾನಕ್ಕೆ ಅವಳು ಅದನ್ನು ಡಬ್ಬಿಯಿಂದಲೇ ಹೊರತೆಗೆದಿರಲಿಲ್ಲ. ನಾನು ತೆಗೆದೆ. ದಪ್ಪ ತಳ, ಬಿಗಿ ಮುಚ್ಚಳ, ನೆತ್ತಿಯ ಮೇಲೊಂದು ವೆಯ್ಟು, ಪಕ್ಕದಲ್ಲೊಂದು ರಬ್ಬರ್ ಬಿರಡೆ. ಜೊತೆಗೊಂದು ಕೈಪಿಡಿ. ಕೈಪಿಡಿಯನ್ನು ನಾನು ಓದಲಿಲ್ಲ. ಸರ್ಕಾರ ಕೊಟ್ಟ ಕಾಗದವನ್ನೇ ಓದದೆ ಹರಿದವನು, ಪಾತ್ರೆ ಕೊಟ್ಟ ಕಾಗದ ಓದುವುದುಂಟೇ?

ಗುರುವಾರ ಕುರಿಯ ಕುತ್ತಿಗೆ ಮಾಂಸ ಬೇಯಿಸಿದೆವು. ಇಪ್ಪತ್ತೈದು ನಿಮಿಷ. ಬೆಣ್ಣೆಯಂತೆ ಬೆಂದಿತ್ತು. ಶುಕ್ರವಾರ ದನದ ಎದೆಭಾಗ, ನಲವತ್ತು ನಿಮಿಷ. ಅದೂ ಹಾಗೇ. ನಾನು ಹಳೆಯ ಸಂಗಾತಿಗಳಿಗೆಲ್ಲ ಫೋನು ಮಾಡಿ, ವಾರದ ದಿನಗಳ ಅಡುಗೆಯ ಸಮಸ್ಯೆಯನ್ನು ಶಾಶ್ವತವಾಗಿ ಬಗೆಹರಿಸಿದ್ದೇನೆ ಎಂದು ತಿಳಿಸಿದೆ. ಒಂದು ಸಂಗತಿ ಮಾತ್ರ ಅವರಿಗೆ ತಿಳಿಸಲಿಲ್ಲ. ಆ ಎರಡು ದಿನವೂ ನೀರು ಅಳೆದವಳು ಪಾರೆ, ಮುಚ್ಚಳ ಹಾಕಿದವಳು ಪಾರೆ, ಉರಿ ತಗ್ಗಿಸಿದವಳು ಪಾರೆ. ನಾನು ಗೆಣಸು ಹೆಚ್ಚಿಕೊಟ್ಟು, ಹೊರಗೆ ಹೋಗಿ ಪಕ್ಕದ ಮನೆಯವನ ಜೊತೆ ನಗರಸಭೆಯನ್ನು ಬೈಯುತ್ತಿದ್ದೆ.

ಪರೀಕ್ಷೆಯ ವಿಷಯವನ್ನೂ ಹೇಳಿಬಿಡಬೇಕು. ‘ನಿಮ್ಮ ಮನೆಯ ಒಬ್ಬರ ಬಗ್ಗೆ ಹೇಳಿ, ಬೇಕಾದರೆ ಬರೆದ ಹಾಳೆ ಕೈಯಲ್ಲಿರಲಿ’ ಎಂದಿದ್ದಳಂತೆ ಪಾಠ ಹೇಳುವ ಮಿಹಿ. ಮಿಹಿಗೆ ಇಪ್ಪತ್ತಾರು ವರ್ಷ. ಪಾರೆ ಮೊದಲು ಅಕ್ಕನ ಬಗ್ಗೆ ಹೇಳೋಣವೆಂದಿದ್ದಳು. ಅಕ್ಕನ ಬಗ್ಗೆ ಹತ್ತು ನಿಮಿಷ ಒಳ್ಳೆಯದು ಹೇಳುವುದು ಕಷ್ಟ ಎಂದು ನಾನೇ ಸೂಚಿಸಿದೆ. ಮನೆಯಲ್ಲಿ ಉಳಿದವನು ಯಾರು? ಹೀಗೆ ಅತ್ಯಂತ ಪ್ರಜಾಸತ್ತಾತ್ಮಕವಾಗಿ ನಾನು ಆಯ್ಕೆಯಾದೆ.

ವಾರಾಂತ್ಯ ಪೂರ್ತಿ ನಾನು ಹೇಳಿದೆ, ಪಾರೆ ಬರೆದಳು. ಭೂಮಿಗಾಗಿ ಇಡೀ ದ್ವೀಪದ ಉದ್ದಕ್ಕೂ ನಡೆದದ್ದು, ಮಳೆಯಲ್ಲಿ ಗುಡ್ಡದ ಮೇಲೆ ಡೇರೆ ಹಾಕಿ ಕೂತದ್ದು, ಪೊಲೀಸರು ಕೈಕಾಲು ಹಿಡಿದು ವ್ಯಾನಿಗೆ ಎಸೆದದ್ದು. ಹೇರಾ ಅಜ್ಜಿಯ ಮಡಿಲಲ್ಲಿ ಬೆಳೆದವಳು. ಅವಳಿಗೆ ಈ ಭಾಷೆ ಉಸಿರಾಡಿದಷ್ಟು ಸಲೀಸು. ಪಾರೆ ತಪ್ಪಿದಾಗೆಲ್ಲ ತಿದ್ದುತ್ತಿದ್ದಳು. ನನ್ನನ್ನೂ ತಿದ್ದುತ್ತಿದ್ದಳು.

“ನನ್ನನ್ನ ಎತ್ತೋಕೆ ಆರು ಜನ ಪೊಲೀಸರು ಬೇಕಾದ್ರು ಅಂತ ಬರಿ,” ಎಂದೆ.

“ಇಬ್ರು,” ಎಂದಳು ಹೇರಾ. “ಅದ್ರಲ್ಲಿ ಒಬ್ಬ ಟೋಪಿ ಹುಡುಕ್ತಿದ್ದ.”

ಒಟ್ಟು ನಾಲ್ಕು ಹಾಳೆಯಾಯಿತು. ಪಾರೆ ಅದನ್ನು ಬಚ್ಚಲಲ್ಲಿ ಓದಿದಳು, ಕಾರಿನಲ್ಲಿ ಓದಿದಳು, ವೃದ್ಧಾಶ್ರಮದ ಒಗೆಯುವ ಯಂತ್ರಗಳ ಎದುರು ನಿಂತು ಓದಿದಳು. ಹಾಳೆ ಕೈಯಲ್ಲಿದ್ದರೆ ಮಾತು ಹರಿಯುತ್ತಿತ್ತು. ಹಾಳೆ ಮಡಚಿದರೆ ಎರಡನೇ ವಾಕ್ಯಕ್ಕೇ ನಿಲ್ಲುತ್ತಿತ್ತು.

ಮಂಗಳವಾರ ಬಂತು. ಏನು ಮಾಡುತ್ತೀಯೆಂದು ಪಾರೆ ಕೇಳಲೂ ಇಲ್ಲ. ಎರಡು ಮೊಟ್ಟೆ ಬೇಯಿಸಿಟ್ಟರೂ ಸಾಕು ಎಂದು ಬೆಳಿಗ್ಗೆಯೇ ಹೇಳಿ ಹೋಗಿದ್ದಳು. ಮೊಟ್ಟೆಯಂತೆ! ನಾನು ಬೆಳಿಗ್ಗೆಯೇ ಹೋಗಿ ತೊರೆಗೆ ಇಳಿದು, ನೀರಿನಲ್ಲಿ ಬೆಳೆಯುವ ವಾಟರ್‌ಕ್ರೆಸ್ ಸೊಪ್ಪನ್ನು ಒಂದು ಚೀಲ ತುಂಬ ಕಿತ್ತು ತಂದಿದ್ದೆ. ಹಂದಿಯ ಮೂಳೆ ತಂದಿದ್ದೆ. ಮಾಡಲು ಹೊರಟಿದ್ದು ಬಾಯ್ಲ್-ಅಪ್. ಮೂಳೆ, ಸೊಪ್ಪು, ಆಲೂಗೆಡ್ಡೆ, ಗೆಣಸು, ಮೇಲೆ ತೇಲುವ ಹಿಟ್ಟಿನುಂಡೆ, ಎಲ್ಲವೂ ಒಂದೇ ಪಾತ್ರೆಯಲ್ಲಿ. ನಮ್ಮವರಿಗೆ ಜ್ವರಕ್ಕೂ ಅದೇ, ಗೆಲುವಿಗೂ ಅದೇ. ಅದಕ್ಕೆ ಬೇಕಾದದ್ದು ಮೂರು ಗಂಟೆ ಮತ್ತು ತಾಳ್ಮೆ. ನನ್ನ ಬಳಿ ಇದ್ದದ್ದು ನಲವತ್ತು ನಿಮಿಷ ಮತ್ತು ಕುಕ್ಕರ್.

ಬಲ್ಲವರು ಮೊದಲು ಮೂಳೆಯೊಂದನ್ನೇ ಕುಕ್ಕರಿನಲ್ಲಿ ಬೇಯಿಸಿ, ಮುಚ್ಚಳ ತೆಗೆದು, ಉಳಿದದ್ದನ್ನು ಆಮೇಲೆ ಹಾಕುತ್ತಾರಂತೆ. ನಾನು ಎಲ್ಲವನ್ನೂ ಒಟ್ಟಿಗೆ ಹಾಕಿದೆ. ಮೂಳೆಯ ಮೇಲೆ ಗೆಣಸು, ಗೆಣಸಿನ ಮೇಲೆ ಚೀಲದ ಅಷ್ಟೂ ಸೊಪ್ಪು, ಸೊಪ್ಪಿನ ಮೇಲೆ ಹನ್ನೆರಡು ಹಿಟ್ಟಿನುಂಡೆ. ಮುಚ್ಚಳ ಕೂರಲಿಲ್ಲ. ಕುಕ್ಕರನ್ನು ನೆಲಕ್ಕಿಳಿಸಿ ಮಂಡಿ ಊರಿ ಒತ್ತಿದೆ. ಕೂತಿತು. ಒಲೆಯ ಮೇಲಿಟ್ಟು ಉರಿಯನ್ನು ಪೂರ್ತಿ ಏರಿಸಿದೆ.

ಐದೂವರೆಗೆ ಬಂದ ಪಾರೆ ಮೂಗೆಳೆದು ನೋಡಿದಳು. ಆಶ್ಚರ್ಯದಿಂದ ಹುಬ್ಬೇರಿಸಿದಳು. ಮದುವೆಯಾದ ಮೇಲೆ ಆ ಹುಬ್ಬು ನನ್ನ ಸಲುವಾಗಿ ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು. ಹಾಳೆಗಳನ್ನು ಮೇಜಿನ ಮೇಲಿಟ್ಟು, ಸ್ನಾನ ಮಾಡಿ, ಕಪ್ಪು ಅಂಗಿ ತೊಡಲು ಹೋದಳು. ಕೋಣೆಯಿಂದ ಅವಳ ಸ್ವರ ಕೇಳುತ್ತಿತ್ತು. ಮೊದಲ ವಾಕ್ಯ, ಎರಡನೇ ವಾಕ್ಯ, ಮೌನ. ಮತ್ತೆ ಮೊದಲ ವಾಕ್ಯ.

ಸರಿಯಾಗಿ ಆಗ ಕುಕ್ಕರ್ ಬುಸ್ಸೆಂದಿತು.

ನೆತ್ತಿಯ ವೆಯ್ಟಿನ ಅಡಿಯಿಂದ ಹಬೆ ಚಿಮ್ಮುತ್ತಿತ್ತು. ಒಂದೆಳೆಯಲ್ಲ, ಒಂದು ಕಂತೆ. ಆ ಗುರುವಾರ, ಶುಕ್ರವಾರಗಳಂದು ನಾನು ಈ ಹೊತ್ತಿಗೆ ಬೇಲಿಯ ಬಳಿ ಇದ್ದೆನಲ್ಲ, ಈ ದೃಶ್ಯ ನೋಡಿರಲೇ ಇಲ್ಲ. ಓದುಗರೇ, ನಿಮ್ಮ ಮನೆಯ ಮೂರು ವರ್ಷದ ಮಗುವಿಗೂ ಕುಕ್ಕರ್ ಬುಸ್ಸೆನ್ನುವುದು ಗೊತ್ತು. ನನಗೂ ಗೊತ್ತಿತ್ತು. ತಲೆಗೆ ಗೊತ್ತಿತ್ತು. ಆದರೆ ಕೈಗಳು ನಲವತ್ತು ವರ್ಷ ಹಾಂಗಿಯ ಗುಂಡಿ ಕಾದ ಕೈಗಳು. ಹಬೆ ಕಂಡರೆ ಅವು ತಲೆಯ ಅಪ್ಪಣೆಗೆ ಕಾಯುವುದಿಲ್ಲ. ಹಬೆ ಹೋಗುತ್ತಿದೆ ಅಂದರೆ ಮಾಂಸ ಹಸಿ, ಆರು ಗಂಟೆಗೆ ಊಟ ಇಲ್ಲ, ಪಾರೆ ಮತ್ತೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆಗೆ. ಸುತ್ತ ಮಣ್ಣು ಕಾಣಲಿಲ್ಲ. ಪಾತ್ರೆ ಒರೆಸುವ ಬಟ್ಟೆ ಕಂಡಿತು. ನೀರಲ್ಲಿ ಅದ್ದಿ, ನಾಲ್ಕು ಮಡಿಕೆ ಮಾಡಿ, ವೆಯ್ಟಿನ ಮೇಲೆ ಗೋಣಿ ಹೊದಿಸಿದಂತೆ ಹೊದಿಸಿದೆ. ಅಂಚಿನಿಂದ ಇನ್ನೂ ಸುಳಿಯುತ್ತಿತ್ತು. ಹಿಂಬಾಗಿಲಿಗೆ ಒತ್ತಾಗಿ ಇಟ್ಟಿದ್ದ ಹಾಂಗಿಯ ಕಲ್ಲು ನೆನಪಾಯಿತು. ಜ್ವಾಲಾಮುಖಿಯ ಕಲ್ಲು, ತೆಂಗಿನಕಾಯಿಯ ಗಾತ್ರ. ತಂದು ಬಟ್ಟೆಯ ಮೇಲೆ ಹೇರಿದೆ.

ಹಬೆ ನಿಂತಿತು. ಪೂರ್ತಿ ನಿಂತಿತು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

“ಅದ್ಯಾಕೆ ಸದ್ದೇ ಇಲ್ಲ?” ಎಂದು ಪಡಸಾಲೆಯಿಂದ ಹೇರಾ ಕೇಳಿದಳು.

“ನಾನು ಬಾಯಿ ಮುಚ್ಚಿಸ್ದೆ.”

“ಬಾಯಿ ಮುಚ್ಕೊಂಡಿರೋದನ್ನ ನಂಬಬಾರ್ದು ಕಣೋ. ನಮ್ಮ ಯಜಮಾನ್ರು ಒಂದಿನ ಹಿಂಗೇ ಸುಮ್ಮನಿದ್ರು. ಸಂಜೆ ನೋಡಿದ್ರೆ ಲಾರಿ ಮಾರಿ ಬಂದಿದ್ರು.”

ನಾನು ನಕ್ಕೆ. ಕಾವಲುಗಾರ ಜಾಗ ಬಿಡಬಾರದು ಎಂದು ಒಲೆಯ ಪಕ್ಕದಲ್ಲೇ ನಿಂತೆ. ಸುಮ್ಮನೆ ನಿಲ್ಲುವುದು ಬೇಸರವಾಗಿ, ಮೇಜಿನ ಮೇಲಿದ್ದ ಪಾರೆಯ ನಾಲ್ಕು ಹಾಳೆಗಳನ್ನು ತಂದು ಒಲೆ ಪಕ್ಕದ ಬ್ರೆಡ್ಡಿನ ಡಬ್ಬಿಗೆ ಒರಗಿಸಿ ಓದತೊಡಗಿದೆ. ಓದುವುದೆಂದರೆ, ಅರ್ಥವಾಗುತ್ತಿದ್ದದ್ದು ಅಷ್ಟಕ್ಕಷ್ಟೆ. ನನ್ನ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಿದ್ದೆ. ಮೂರನೇ ಹಾಳೆಯ ಕೊನೆಗೆ ಹತ್ತೊಂಬತ್ತಾಗಿತ್ತು.

ಇಪ್ಪತ್ತನೆಯದು ಸಿಗಲಿಲ್ಲ. ಪಕ್ಕದ ರಬ್ಬರ್ ಬಿರಡೆ ಹಾರಿತು.

ನಾನು ಅಶ್ರುವಾಯು ಕಂಡವನು. ಕಿವಿಯ ಪಕ್ಕದಲ್ಲಿ ಪಟಾಕಿ ಸಿಡಿದದ್ದು ಕಂಡವನು. ಇದು ಬೇರೆ. ಬಿರಡೆ ಚಿಮಣಿಯ ತಗಡಿಗೆ ಬಡಿದು ಗಂಟೆ ಹೊಡೆದಂತಾಯಿತು. ಹಿಂದೆಯೇ ಹಸಿರು ಕಾರಂಜಿಯೊಂದು ನೆಟ್ಟಗೆ ಮೇಲೆದ್ದು ಚಾವಣಿಗೆ ಅಪ್ಪಳಿಸಿ, ಅಲ್ಲಿಂದ ನಾಲ್ಕೂ ದಿಕ್ಕಿಗೆ ಹಂಚಿಹೋಗಿ, ನಿಧಾನವಾಗಿ ಅಡುಗೆಮನೆಯ ಮೇಲೆಲ್ಲ ಸುರಿಯಿತು. ಸೊಪ್ಪಿನ ಎಳೆ, ಹಿಟ್ಟಿನ ಚೂರು, ಹಂದಿಯ ಕೊಬ್ಬು. ದೀಪದ ಬುರುಡೆಯಿಂದ ಹಸಿರು ನೂಲುಗಳು ತೂಗಾಡಿದವು. ಕಲ್ಲು ಮಾತ್ರ ಕುಕ್ಕರಿನ ನೆತ್ತಿಯ ಮೇಲೆ ಅಲುಗದೆ ಕೂತಿತ್ತು. ನನ್ನ ಕೆಲಸ ಅಷ್ಟು ಅಚ್ಚುಕಟ್ಟು.

ಹಾರಿ ಬಂದು ಒಲೆ ಆರಿಸಿದವಳು ಎಪ್ಪತ್ತಾರರ ಹೇರಾ. ಸೊಂಟದ ಆಪರೇಷನ್ನಾದವಳು! ನಾನು ಒಂದು ಕೈ ಬ್ರೆಡ್ಡಿನ ಡಬ್ಬಿಯ ಮೇಲಿಟ್ಟು ಹಾಗೇ ನಿಂತಿದ್ದೆ. ಮುಖದಿಂದ ಸಾರು ಇಳಿಯುತ್ತಿತ್ತು. ಸುಟ್ಟಿರಲಿಲ್ಲ. ಚಾವಣಿ ಮುಟ್ಟಿ ಬರುವಷ್ಟರಲ್ಲಿ ಆರಿತ್ತು. ಕೈಗೆ ಸಿಕ್ಕ ಬಟ್ಟೆಯಿಂದ ಮುಖ ಒರೆಸಿಕೊಂಡೆ, ತಲೆ ಒರೆಸಿಕೊಂಡೆ.

ಬಾಗಿಲಲ್ಲಿ ಪಾರೆ ನಿಂತಿದ್ದಳು. ಕಪ್ಪು ಅಂಗಿ, ಕಿವಿಯಲ್ಲಿ ಅವಳ ತಾಯಿಯ ಹಸಿರು ಕಲ್ಲಿನ ಓಲೆ, ಕೂದಲಲ್ಲಿ ಆಗಷ್ಟೇ ಇಳಿದ ಎರಡೆಳೆ ಸೊಪ್ಪು. ಚಾವಣಿ ನೋಡಿದಳು. ನನ್ನನ್ನು ನೋಡಿದಳು. ಕೇಳಿದ ಮೊದಲ ಪ್ರಶ್ನೆ ನನಗೆ ಪೆಟ್ಟಾಯಿತೇ ಎಂದಲ್ಲ.

“ಎರು, ಕೈಯಲ್ಲಿರೋ ಬಟ್ಟೆ ಯಾವ್ದು?”

ನೋಡಿಕೊಂಡೆ. ಪಾತ್ರೆ ಒರೆಸುವ ಇನ್ನೊಂದು ಬಟ್ಟೆ. ಅದರಿಂದ ತಲೆ ಒರೆಸಿಕೊಂಡಿದ್ದೆ! ನಮ್ಮಲ್ಲಿ ಊಟದ ಬಟ್ಟೆ ಮೈಗೆ ತಾಗಬಾರದು, ಅದರಲ್ಲೂ ತಲೆಗೆ ತಾಗಲೇಬಾರದು. ಒಗೆಯುವಾಗಲೂ ಬೇರೆ ಬೇರೆ. ಎರಡನ್ನೂ ಒಟ್ಟಿಗೆ ಮಷಿನ್ನಿಗೆ ಹಾಕಿದ ಸೊಸೆಯರು ತವರಿಗೆ ಮರಳಿದ ಕಥೆಗಳಿವೆ. ಹೇರಾ ಬಂದು ಅದನ್ನು ಎರಡು ಬೆರಳಲ್ಲಿ ಹಿಡಿದು ಕಸದ ಡಬ್ಬಿಗೆ ಹಾಕಿದಳು. ಅಪರಾಧಗಳ ಪಟ್ಟಿಯಲ್ಲಿ ಸ್ಫೋಟ ಆಗಲೇ ಎರಡನೇ ಸ್ಥಾನಕ್ಕಿಳಿದಿತ್ತು.

ಆಮೇಲೆ ಪಾರೆ ಮೇಜಿನ ಕಡೆ ತಿರುಗಿದಳು. ಮೇಜು ಖಾಲಿ.

“ನನ್ನ ಹಾಳೆ ಎಲ್ಲಿ?”

ಬ್ರೆಡ್ಡಿನ ಡಬ್ಬಿಯ ಕಡೆ ತೋರಿಸಿದೆ. ನಾಲ್ಕು ಹಾಳೆಗಳೂ ಒಂದೇ ಆಗಿ ಅಂಟಿಕೊಂಡಿದ್ದವು. ಪಾರೆ ಅಂಚು ಹಿಡಿದು ಎತ್ತಿದಳು. ಅರ್ಧ ಅವಳ ಕೈಯಲ್ಲಿ ಬಂತು, ಅರ್ಧ ಅಲ್ಲೇ ಉಳಿಯಿತು. ಶಾಯಿ ಸಾರಿನ ಜೊತೆ ಬೆರೆತು ಇಳಿಯುತ್ತಿತ್ತು. ನನ್ನ ನಡಿಗೆ, ನನ್ನ ಗುಡ್ಡ, ನನ್ನ ಇಬ್ಬರು ಪೊಲೀಸರು, ಎಲ್ಲ ಸೇರಿ ನೀಲಿ ಗಂಜಿ.

“ಅದು ಅಲ್ಲಿಗೆ ಹೆಂಗೆ ಹೋಯ್ತು?”

“ಓದ್ತಿದ್ದೆ.”

“ನೀನು? ಮಾವೋರಿ ಓದ್ತಿದ್ಯಾ?”

ಹೆಸರು ಎಣಿಸುತ್ತಿದ್ದೆ ಎಂದು ಒಪ್ಪಿಕೊಂಡೆ. ಪೊಲೀಸ್ ಠಾಣೆಗಳಲ್ಲಿ ಏಳು ಸಲ ವಿಚಾರಣೆಗೆ ಕೂತವನು ನಾನು, ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಪಾರೆ ಕೈಯಲ್ಲಿದ್ದ ಅರ್ಧವನ್ನು ಮೇಜಿನ ಮೇಲಿಟ್ಟಳು. ಕುರ್ಚಿ ಎಳೆದು ಕೂತಳು. ಗಡಿಯಾರದಲ್ಲಿ ಆರೂ ಇಪ್ಪತ್ತು. ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಮಿಹಿಗೆ ಫೋನು ಮಾಡಿ ಅಪಘಾತವಾಯಿತು, ಪರೀಕ್ಷೆ ಮುಂದಕ್ಕೆ ಹಾಕು ಎಂದು ಹೇಳಲೇ ಎಂದು ಕೇಳಿದೆ.

“ನೀನು ಯಾರಿಗೂ ಏನೂ ಹೇಳ್ಬೇಡ,” ಎಂದಳು ಪಾರೆ. “ಐವತ್ತು ವರ್ಷದಿಂದ ನೀನೇ ಹೇಳ್ತಿದೀಯ.”

ಎದ್ದು ಕಾರಿನ ಕೀಲಿ ತೆಗೆದುಕೊಂಡಳು. ಕೂದಲಲ್ಲಿ ಸೊಪ್ಪಿದೆ ಎಂದು ಹೇಳಲು ನಾನು ಬಾಗಿಲಿಗೆ ಓಡುವಷ್ಟರಲ್ಲಿ ಕಾರು ತಿರುವಿನಲ್ಲಿತ್ತು.

ನಾನು ಏಣಿ ತಂದು ಚಾವಣಿ ಉಜ್ಜತೊಡಗಿದೆ. ಹೇರಾ ಕುಕ್ಕರಿನ ಮುಚ್ಚಳ ತೆಗೆಸಿ, ಉಳಿದಿದ್ದನ್ನು ತಟ್ಟೆಗೆ ಹಾಕಿಸಿಕೊಂಡು, ಏಣಿಯ ಬುಡದಲ್ಲೇ ಕುರ್ಚಿ ಹಾಕಿ ಕೂತು ಉಂಡಳು. ಮೂಳೆ ಚೆನ್ನಾಗಿ ಬೆಂದಿದೆ ಎಂದು ತೀರ್ಪು ಕೊಟ್ಟಳು. ಉಪ್ಪು ಸ್ವಲ್ಪ ಕಡಿಮೆ, ಬಹುಶಃ ಚಾವಣಿಯಲ್ಲಿದೆ ಎಂದಳು. ನಾನು ಉಜ್ಜುತ್ತಲೇ ಇದ್ದೆ.

ಏಣಿಯ ಮೇಲೆ ನಿಂತವನಿಗೆ ಯೋಚಿಸುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ನಮ್ಮ ಪಡಸಾಲೆಯ ಗೋಡೆಯಲ್ಲಿ ಆ ಕಾಲದ ಹನ್ನೊಂದು ಫೋಟೊಗಳಿವೆ. ಬಾವುಟ ಹಿಡಿದ ನಾನು, ಧ್ವನಿವರ್ಧಕ ಹಿಡಿದ ನಾನು, ಕೆಸರಲ್ಲಿ ಬಿದ್ದ ನಾನು. ಪಾರೆ ಒಂದರಲ್ಲೂ ಇಲ್ಲ. ಅವಳು ಬಂದಿರಲಿಲ್ಲ ಎಂದಲ್ಲ. ಇಡೀ ನಡಿಗೆ ನಡೆದಳು, ಗುಡ್ಡದ ಮೇಲೆ ನನಗಿಂತ ಹೆಚ್ಚು ದಿನ ಇದ್ದಳು. ಫೋಟೊ ತೆಗೆಯುವವರು ಬಂದಾಗೆಲ್ಲ ಊಟದ ಹೊತ್ತಾಗಿರುತ್ತಿತ್ತು. ಅವಳು ಡೇರೆಯ ಹಿಂದೆ ಮೂಳೆ ಬೇಯಿಸುತ್ತಿದ್ದಳು. ಮೂರು ಗಂಟೆ ಬೇಕಲ್ಲ. ಈಗ ಎಲ್ಲ ಮುಗಿದ ಮೇಲೆ ತನಗೆಂದು ಒಂದು ಸಂಜೆ ಇಟ್ಟುಕೊಂಡಿದ್ದಳು. ಅದರ ಮೇಲೆ ನಾನು ಕಲ್ಲು ಹೇರಿದ್ದೆ.

ಒಂಬತ್ತಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಭೂಮಧ್ಯರೇಖೆಯ ನಮ್ಮ ಕಡೆ ನವೆಂಬರೆಂದರೆ ಬೇಸಿಗೆ, ಹೊರಗೆ ಬೆಳಕು ಇನ್ನೂ ಆರಿರಲಿಲ್ಲ. ಕಾರು ಬಂದು ನಿಂತಿತು. ಪಾರೆ ಒಳಗೆ ಬಂದು ಬೂಟು ಬಿಚ್ಚಿದಳು. ಸೊಪ್ಪಿನ ಎಳೆ ಒಂದು ಕಡಿಮೆಯಾಗಿತ್ತು. ನಾನು ಏಣಿಯ ಮೂರನೇ ಮೆಟ್ಟಿಲಲ್ಲಿದ್ದೆ. ಇಳಿಯಲು ಧೈರ್ಯವಾಗಲಿಲ್ಲ.

“ಪಾಸು,” ಎಂದಳು.

ನಂಬಲಿಲ್ಲ ನಾನು. ಹಾಳೆ ಇಲ್ಲದೆ ಹೇಗೆ, ಗುಡ್ಡದ ಕಥೆ ನೆನಪಿತ್ತೇ ಎಂದು ಕೇಳಿದೆ.

“ಎರಡನೇ ವಾಕ್ಯಕ್ಕೇ ನಿಂತೆ, ಯಾವಾಗ್ಲೂ ನಿಲ್ಲೋ ಹಂಗೇ. ಮಿಹಿ ‘ಅಕ್ಕಾ, ತಲೇಲಿ ಏನದು’ ಅಂತ ಕೇಳಿದ್ಳು. ಮಾವೋರೀಲೇ ಕೇಳಿದ್ಳು. ಹೇಳ್ಬೇಕಾಯ್ತಲ್ಲ, ಹೇಳ್ದೆ.”

ಹೇಳಿದಳಂತೆ. ಹೌಸಿಯಿಂದ ಶುರು ಮಾಡಿ ಮಂಡಿಯಲ್ಲಿ ಒತ್ತಿದ ಮುಚ್ಚಳದವರೆಗೆ, ಒದ್ದೆ ಬಟ್ಟೆಯಿಂದ ಕಲ್ಲಿನವರೆಗೆ. ಮಂಡಿಯ ಸಂಗತಿ ಅವಳಿಗೆ ಹೇಗೆ ಗೊತ್ತಾಯಿತೆಂದರೆ, ಅವಳು ಮನೆಗೆ ಬಂದೊಡನೆಯೇ ಹೇರಾ ಚಾಡಿ ಹೇಳಿದ್ದಳು. ಮುಂದಿನ ಸಾಲಿನವರು ಕಣ್ಣೀರು ಒರೆಸಿಕೊಂಡರಂತೆ. ಹತ್ತು ನಿಮಿಷದ್ದು ಹದಿನೇಳಾಯಿತು. ಮಿಹಿ ಗಡಿಯಾರ ನೋಡುವುದನ್ನೇ ಮರೆತಳು. ಗೊತ್ತಿಲ್ಲದ ಪದ ಬಂದಾಗ ಪಾರೆ ಕೈಯಲ್ಲಿ ಮಾಡಿ ತೋರಿಸಿದಳು, ತರಗತಿಯೇ ಪದ ಹುಡುಕಿಕೊಟ್ಟಿತು.

“ನಡಿಗೆ? ಅದೇನೂ ಹೇಳ್ಲಿಲ್ವಾ?”

“ಹೇಳ್ದೆ. ಇಷ್ಟು ದೂರ ನಡೆದ ಮನುಷ್ಯ ಒಲೆಯಿಂದ ಎರಡು ಹೆಜ್ಜೆ ಹಿಂದೆ ಸರೀಲಿಲ್ಲ ಅಂತ.”

ಇಳಿದು ಬಂದು ಕೂತೆ. ಪಾರೆ ಉಳಿದ ಬಾಯ್ಲ್-ಅಪ್ ಬಿಸಿ ಮಾಡಿಕೊಂಡು ಮೂರು ಹಿಟ್ಟಿನುಂಡೆ ತಿಂದಳು. ತಿನ್ನುತ್ತಾ ಅಕ್ಕನಿಗೆ ಇಡೀ ಕಥೆಯನ್ನು ಇನ್ನೊಮ್ಮೆ, ಮಾವೋರಿಯಲ್ಲೇ, ಹೇಳಿದಳು. ನಿಲ್ಲಲಿಲ್ಲ, ತಡವರಿಸಲಿಲ್ಲ. ಹೇರಾ ನಕ್ಕು ನಕ್ಕು ಹಲ್ಲಿನ ಸೆಟ್ಟು ಕೈಗೆ ತೆಗೆದುಕೊಂಡಳು. ನಾನು ಪಕ್ಕದಲ್ಲೇ ಕೂತಿದ್ದೆ. ನನಗೆ ಸಿಕ್ಕಿದ್ದು ನನ್ನ ಹೆಸರು, ಕಲ್ಲು, ಹಂದಿ. ಹಂದಿ ಎಂದದ್ದು ಮೂಳೆಯ ಬಗ್ಗೆಯೋ ಯಾರ ಬಗ್ಗೆಯೋ ತಿಳಿಯಲಿಲ್ಲ. ಅವರು ನಕ್ಕಾಗ ನಾನೂ ನಕ್ಕೆ. ಆಗ ಇಬ್ಬರೂ ನಿಲ್ಲಿಸಿ ನನ್ನನ್ನು ನೋಡಿ ಇನ್ನೂ ಜೋರಾಗಿ ನಕ್ಕರು. ಏನು ಹೇಳಿದಳೆಂದು ಹೇರಾಳನ್ನು ಕೇಳಿದೆ.

“ಬಿಡಿಸಿ ಹೇಳಿದ್ರೆ ರುಚಿ ಹೋಗತ್ತೆ,” ಎಂದಳು ಹೇರಾ. “ಮಂಗಳವಾರ ಸಂಜೆ ನಿಂಗೇನು ಕೆಲಸ? ಹೋಗಿ ಕಲ್ತುಕೋ.”

ಹೀಗಾಗಿ ಈ ಫೆಬ್ರುವರಿಯಲ್ಲಿ, ಅರವತ್ತೇಳನೇ ವಯಸ್ಸಿನಲ್ಲಿ, ನಾನು ಮೊದಲನೇ ವರ್ಷಕ್ಕೆ ಸೇರಿದೆ. ಪಾರೆ ಎರಡನೇ ವರ್ಷ. ಈಗ ಮಂಗಳವಾರಗಳಂದು ಮೂವರೂ ಮೊಟ್ಟೆ ತಿನ್ನುತ್ತೇವೆ.

ಮೊದಲ ದಿನ ಎರಡೂ ತರಗತಿಯವರನ್ನು ಒಟ್ಟಿಗೆ ಕೂರಿಸಿದ್ದರು. ಮಿಹಿಯ ಪದ್ಧತಿ ಏನೆಂದರೆ, ಎದ್ದು ನಿಂತವರು ಒಂದು ವಾಕ್ಯ ಹೇಳಬೇಕು, ಉಳಿದವರೆಲ್ಲ ಗಟ್ಟಿಯಾಗಿ ಅದನ್ನೇ ಮರಳಿ ಹೇಳಬೇಕು. ಹೊಸಬರು ನಮ್ಮ ಪದ್ಧತಿಯಂತೆ ಪರಿಚಯ ಹೇಳಿಕೊಳ್ಳಬೇಕಿತ್ತು. ನನ್ನ ಬೆಟ್ಟ ಇಂಥದು, ನನ್ನ ಹೊಳೆ ಇಂಥದು, ನನ್ನ ಹಿರಿಯರು ಬಂದ ದೋಣಿ ಇಂಥದು. ಅಷ್ಟು ಮಾವೋರಿ ನನಗೆ ಬರುತ್ತದೆ. ಸಾವಿರ ಸಭೆಗಳಲ್ಲಿ ಹೇಳಿದ್ದೇನೆ. ಎದೆ ಉಬ್ಬಿಸಿ ಎದ್ದೆ. ಬೆಟ್ಟದ ಹೆಸರು ಹೇಳಿದೆ, ನಲವತ್ತು ಜನ ಮರಳಿ ಹೇಳಿದರು. ಹೊಳೆ ಹೇಳಿದೆ, ಹೇಳಿದರು. ದೋಣಿ ಹೇಳಿದೆ, ಹೇಳಿದರು. ಇನ್ನೇನು ಕೂರಬೇಕು, ಎರಡನೇ ವರ್ಷದವರ ಸಾಲಿನಲ್ಲಿ ಒಬ್ಬ ಎತ್ತರದ ಬಿಳಿಯ ಎದ್ದು ನಿಂತ. ಹೆಸರು ಕ್ರೇಗ್, ಪಾರೆಯ ಪರೀಕ್ಷೆಯ ಮಾತು ಕೇಳಿದವನೇ, ನಮ್ಮ ಬಡಾವಣೆಯದೇ ಪೊಲೀಸ್ ಕಾನ್‌ಸ್ಟೇಬಲ್. ಬಹಳ ಮರ್ಯಾದೆಯಿಂದ, ಶುದ್ಧ ಮಾವೋರಿಯಲ್ಲಿ, ನನ್ನ ಪರವಾಗಿ ಇನ್ನೊಂದು ವಾಕ್ಯ ಸೇರಿಸಿದ:

“ಅವರ ಮಡಕೆ ಕುಕ್ಕರ್.”

ಪದ್ಧತಿ ಪದ್ಧತಿಯೇ. ನಲವತ್ತು ಜನ ಒಂದೇ ಕೊರಳಲ್ಲಿ ಅದನ್ನು ಮರಳಿ ಕೂಗಿದರು. ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದ್ದು ಪಾರೆಯ ಕೊರಳು. ಐವತ್ತು ವರ್ಷ ಊರೂರಲ್ಲಿ ಘೋಷಣೆ ಕೂಗಿದವನು ನಾನು. ಇಷ್ಟು ಜನ ಒಟ್ಟಾಗಿ ನನ್ನ ಬಗ್ಗೆಯೇ ಕೂಗಿದ್ದು ಅದೇ ಮೊದಲು, ಅದೂ ಒಬ್ಬ ಪೊಲೀಸಿನವನ ನೇತೃತ್ವದಲ್ಲಿ. ಮಿಹಿ ಅನುವಾದ ಬೇಕೇ ಎಂದು ಕೇಳಿದಳು. ಬೇಡ, ಅರ್ಥವಾಯಿತು ಎಂದೆ.